ಮಿಷಿಗನ್ನಿನ ನಾಮನಿರ್ದೇಶನ ಪಿಟಿಷನ್ ಹಾಳೆ: ಸಹಿ ಹಾಕುವವರ ಕಡೆಯಿಂದ ಒಂದು ವಿಮರ್ಶೆ

ಈ ವಿಮರ್ಶೆಯ ವಸ್ತು ಒಂದು ಹಾಳೆ. ಎಂಟೂವರೆ ಇಂಚು ಅಗಲ, ಹದಿನಾಲ್ಕು ಇಂಚು ಉದ್ದ, ಮೇಲ್ಗಡೆ ದಪ್ಪಕ್ಷರದ ಶೀರ್ಷಿಕೆ, ನಡುವೆ ಸಹಿಯ ಸಾಲುಗಳು, ಕೆಳಗೆ ಸಹಿ ಸಂಗ್ರಹಿಸಿದವರ ಪ್ರಮಾಣವಚನ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಭ್ಯರ್ಥಿಯೊಬ್ಬರ ಹೆಸರು ಪ್ರಾಥಮಿಕ ಚುನಾವಣೆಯ (ಪ್ರತಿ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆಯ) ಮತಪತ್ರದಲ್ಲಿ ಅಚ್ಚಾಗುವ ಮೊದಲು ಮತದಾರರು ಸಹಿ ಮಾಡಿಕೊಡಬೇಕಾದ ನಾಮನಿರ್ದೇಶನ ಪಿಟಿಷನ್ ಇದು. ಹೋಟೆಲು, ಫೋನು, ವಿಮಾನ ಸೇವೆಗಳನ್ನೆಲ್ಲ ಅಳೆದು ತೂಗಿ ಬರೆಯುವ ನಾವು, ಕಾನೂನು ರೂಪಿಸಿ ನಮ್ಮ ಕೈಗಿಡುವ ಇಂಥ ಕಾಗದಗಳನ್ನು ಬಳಕೆದಾರರಾಗಿ ಪರೀಕ್ಷಿಸುವುದು ತೀರ ಕಡಿಮೆ. ಆದರೆ ರಸ್ತೆಬದಿಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದವರೊಬ್ಬರು ಎದುರಾದಾಗ, ಸಹಿಗೆ ಮುನ್ನ ಮತದಾರನ ಕಣ್ಣಿಗೆ ಬೀಳುವ ಅಧಿಕೃತ ಮುದ್ರಿತ ಮಾಹಿತಿ ಎಂದರೆ ಈ ಹಾಳೆಯೊಂದೇ ಆಗಿರುವುದರಿಂದ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ನೋಡುವುದು ಅಗತ್ಯವೆಂದು ನನಗನ್ನಿಸಿದೆ. ನಾನು ಈ ರಾಜ್ಯದ ಓಕ್‌ಲೆಂಡ್ ಕೌಂಟಿಯ ನೋಂದಾಯಿತ ಮತದಾರ. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಭಾರತದ ಪದ್ಧತಿಯಲ್ಲಿ ಬೆಳೆದವರಿಗೆ ಈ ವ್ಯವಸ್ಥೆಯ ಪ್ರಮಾಣ ಮೊದಲಿಗೆ ವಿಚಿತ್ರವೆನಿಸುತ್ತದೆ. ನಮ್ಮಲ್ಲಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಅದೇ ಕ್ಷೇತ್ರದ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಹತ್ತು ಮಂದಿ ಬೇಕು. ಆ ಸಹಿಗಳು ಪ್ರಾಯಃ ಪರಿಚಿತರವೇ ಆಗಿರುತ್ತವೆ, ಮತ್ತು 2024ರಲ್ಲಿ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ಸೂಚಕರು ‘ಈ ಸಹಿ ನಮ್ಮದಲ್ಲ’ ಎಂದು ಹೇಳಿ, ನಾಮಪತ್ರ ತಿರಸ್ಕೃತವಾಗಿ, ಕೊನೆಗೆ ಬಿಜೆಪಿ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದಂಥ ಪ್ರಕರಣಗಳು ಅಪರೂಪಕ್ಕೆ ಮಾತ್ರ ಸುದ್ದಿಯಾಗುತ್ತವೆ. ಮಿಷಿಗನ್ನಿನಲ್ಲಿ ರಾಜ್ಯಪಾಲರ ಹುದ್ದೆಗೆ ಸ್ಪರ್ಧಿಸುವ ಪಕ್ಷದ ಅಭ್ಯರ್ಥಿಗೆ ಕನಿಷ್ಠ 15,000 ಸಿಂಧು ಸಹಿಗಳು ಬೇಕು, ಅಮೆರಿಕದ ಸಂಸತ್ತಿನ ಕೆಳಮನೆಗೆ 1,000, ರಾಜ್ಯದ ಮೇಲ್ಮನೆಗೆ 500, ಕೆಳಮನೆಗೆ 200. ರಾಜ್ಯದ ಎರಡು ಸದನಗಳಿಗೆ ಸ್ಪರ್ಧಿಸುವವರು ಸಹಿಯ ಬದಲು ನೂರು ಡಾಲರ್ ಶುಲ್ಕ ಕಟ್ಟಿ ಮುಗಿಸಬಹುದು. ಸಂಸತ್ತಿಗೂ ರಾಜ್ಯಪಾಲರ ಹುದ್ದೆಗೂ ಆ ದಾರಿಯಿಲ್ಲ. ಹೀಗಾಗಿ ಅಪರಿಚಿತರಿಂದ ಸಹಿ ಕೇಳುವುದು ಅನಿವಾರ್ಯ. ಆಗಸ್ಟಿನ ಪ್ರಾಥಮಿಕ ಚುನಾವಣೆಗೆ ಹದಿನೈದನೆಯ ಮಂಗಳವಾರ ಮುಂಚಿತವಾಗಿ, ಎಂದರೆ ಏಪ್ರಿಲ್ ಕೊನೆಯ ಹೊತ್ತಿಗೆ, ಸಂಜೆ ನಾಲ್ಕರೊಳಗೆ ಹಾಳೆಗಳನ್ನು ಸಲ್ಲಿಸಬೇಕಾದ್ದರಿಂದ, ಹಿಮ ಕರಗುವ ಋತುವಿನಲ್ಲೇ ಗ್ರಂಥಾಲಯಗಳ ಬಾಗಿಲಲ್ಲಿ, ವಿಶ್ವವಿದ್ಯಾಲಯಗಳ ಆವರಣದಲ್ಲಿ, ಜನ ಸೇರುವ ಹಬ್ಬದ ಕಾರ್ಯಕ್ರಮಗಳ ಹೊರಗೆ ಇವು ಹೆಚ್ಚಾಗಿ ಕಾಣಿಸುತ್ತವೆ.

ಈಗ ಹಾಳೆಯನ್ನೇ ಹತ್ತಿರದಿಂದ ನೋಡೋಣ. ಅದರ ಅಳತೆಯಿಂದ ಅಕ್ಷರದ ಗಾತ್ರದವರೆಗೆ ಪ್ರತಿಯೊಂದನ್ನೂ ಮಿಷಿಗನ್ ಚುನಾವಣಾ ಕಾನೂನೇ ನಿಗದಿ ಮಾಡಿದೆ. ‘ನಾಮನಿರ್ದೇಶನ ಪಿಟಿಷನ್’ ಎಂಬ ಶೀರ್ಷಿಕೆ 24 ಪಾಯಿಂಟಿನ ದಪ್ಪ ಅಕ್ಷರದಲ್ಲಿರಬೇಕು. ‘ಕೆಳಗೆ ಸಹಿ ಮಾಡಿರುವ, ಇಂಥ ನಗರ ಅಥವಾ ಟೌನ್‌ಶಿಪ್ಪಿನ ನೋಂದಾಯಿತ ಅರ್ಹ ಮತದಾರರಾದ ನಾವು ಇಂಥವರನ್ನು, ಇಂಥ ಪಕ್ಷದಿಂದ, ಇಂಥ ಹುದ್ದೆಗೆ ನಾಮನಿರ್ದೇಶನ ಮಾಡುತ್ತೇವೆ’ ಎಂಬ ಅರ್ಥದ ಒಕ್ಕಣೆ 8 ಪಾಯಿಂಟಿನಲ್ಲಿ. ಅದರ ಕೆಳಗೆ 12 ಪಾಯಿಂಟಿನ ದಪ್ಪ ಅಕ್ಷರದಲ್ಲಿ ಎಚ್ಚರಿಕೆ: ಒಂದು ಹುದ್ದೆಗೆ ಎಷ್ಟು ಮಂದಿ ಆಯ್ಕೆಯಾಗಬೇಕೋ ಅದಕ್ಕಿಂತ ಹೆಚ್ಚು ಪಿಟಿಷನ್ನುಗಳಿಗೆ ತಿಳಿದೂ ಸಹಿ ಹಾಕುವುದು, ಒಂದೇ ಪಿಟಿಷನ್ನಿಗೆ ಎರಡು ಬಾರಿ ಸಹಿ ಹಾಕುವುದು, ತನ್ನದಲ್ಲದ ಹೆಸರಿನಲ್ಲಿ ಸಹಿ ಹಾಕುವುದು ಚುನಾವಣಾ ಕಾನೂನಿನ ಉಲ್ಲಂಘನೆ. ಇನ್ನು ಅಭ್ಯರ್ಥಿಯ ಹೆಸರು, ವಿಳಾಸ, ಪಕ್ಷ, ಹುದ್ದೆ? ಅವು 24 ಪಾಯಿಂಟಿಗಿಂತ ದೊಡ್ಡದಾಗಿರಬಾರದು ಎಂದಷ್ಟೇ ಕಾನೂನು ಹೇಳುತ್ತದೆ. ಗರಿಷ್ಠ ಮಿತಿಯಿದೆ, ಇಷ್ಟಾದರೂ ದೊಡ್ಡದಾಗಿರಬೇಕು ಎಂಬ ಸೂಚನೆ ಆ ವಾಕ್ಯದಲ್ಲಿಲ್ಲ. ಮತದಾರನನ್ನು ಗದರುವ ಸಾಲಿಗೆ ಖಚಿತವಾದ ಗಾತ್ರವನ್ನು ಗೊತ್ತುಪಡಿಸಿ, ಆತ ಓದಲೇಬೇಕಾದ ಹೆಸರಿನ ಗಾತ್ರವನ್ನು ಮುದ್ರಿಸುವವರ ಇಷ್ಟಕ್ಕೆ ಬಿಟ್ಟಿರುವುದು ಈ ವಿನ್ಯಾಸದ ಮೊದಲ ದೋಷವೆಂದು ನಾನು ಪರಿಗಣಿಸುತ್ತೇನೆ.

ಆ ಎಚ್ಚರಿಕೆಯ ಸಾಲಿನಲ್ಲಿಯೇ ಹಾಳೆಯ ಅತ್ಯಂತ ಉಪಯುಕ್ತ ಮಾಹಿತಿ ಅಡಗಿದೆ ಎಂಬುದನ್ನೂ ಒಪ್ಪಬೇಕು. ಸಂಸತ್ತಿನ ಒಂದು ಸ್ಥಾನಕ್ಕೆ ಒಬ್ಬರೇ ಆಯ್ಕೆಯಾಗುವುದರಿಂದ, ಆ ಸ್ಥಾನದ ಮಟ್ಟಿಗೆ ಮತದಾರನಿಗಿರುವುದು ಒಂದೇ ಸಹಿ. ಫೆಬ್ರುವರಿಯ ಚಳಿಯಲ್ಲಿ ಯಾರೋ ಕೇಳಿದರೆಂದು ಸೌಜನ್ಯಕ್ಕೆ ಒಂದು ಸಹಿ ಹಾಕಿ, ಏಪ್ರಿಲಿನಲ್ಲಿ ನಿಜವಾಗಿ ಮೆಚ್ಚಿದ ಅಭ್ಯರ್ಥಿಗೆ ಇನ್ನೊಂದು ಸಹಿ ಹಾಕಿದರೆ, ಲೆಕ್ಕಕ್ಕೆ ಬರುವುದು ದಿನಾಂಕದಲ್ಲಿ ಮೊದಲಿನದು. ಎರಡಕ್ಕೂ ಒಂದೇ ದಿನಾಂಕವಿದ್ದರೆ ಎರಡೂ ಬಿದ್ದುಹೋಗುತ್ತವೆ. ಈ ಪರಿಣಾಮವನ್ನು ಹಾಳೆ ತಿಳಿಸುವುದಿಲ್ಲ. ಉಲ್ಲಂಘನೆ ಎಂಬ ಮಾತಿನಿಂದ ಹೆದರಿಸುತ್ತದೆಯೇ ಹೊರತು, ‘ಈ ಹುದ್ದೆಗೆ ನಿಮ್ಮ ಬಳಿಯಿರುವುದು ಒಂದೇ ಸಹಿ, ಬೇರೆ ಯಾರು ಸ್ಪರ್ಧಿಸುತ್ತಿದ್ದಾರೆಂದು ನೋಡಿ ನಿರ್ಧರಿಸಿ’ ಎಂಬ ಸರಳ ತಿಳಿವಳಿಕೆ ಅದರಲ್ಲಿಲ್ಲ. ಸೌಜನ್ಯಕ್ಕೆ ಇಲ್ಲವೆನ್ನಲಾರದ ನಮ್ಮವರಿಗೆ ಆ ಒಂದು ವಾಕ್ಯ ಬಹಳ ಉಪಕಾರ ಮಾಡುತ್ತಿತ್ತು.

ಹಾಗೆಯೇ, ಸಹಿ ಹಾಕಿದರೆ ಆ ಅಭ್ಯರ್ಥಿಗೆ ಮತ ಹಾಕಲೇಬೇಕೆ, ಆ ಪಕ್ಷಕ್ಕೆ ಸೇರಿದಂತಾಗುತ್ತದೆಯೆ ಎಂಬ ಸಂದೇಹಗಳಿಗೂ ಅದು ಉತ್ತರಿಸುವುದಿಲ್ಲ. ಎರಡಕ್ಕೂ ಉತ್ತರ ಇಲ್ಲವೆಂದೇ. ಮಿಷಿಗನ್ನಿನಲ್ಲಿ ಮತದಾರರು ಪಕ್ಷವಾರು ನೋಂದಣಿ ಮಾಡಿಕೊಳ್ಳುವ ಪದ್ಧತಿಯೇ ಇಲ್ಲದ್ದರಿಂದ ಯಾವ ಪಕ್ಷದ ಅಭ್ಯರ್ಥಿಯ ಹಾಳೆಗಾದರೂ ಸಹಿ ಹಾಕಬಹುದು. ನ್ಯೂಯಾರ್ಕಿನಲ್ಲಿ ಹಾಗಲ್ಲ, ಅಲ್ಲಿ ಪಕ್ಷದ ಪಟ್ಟಿಯಲ್ಲಿ ಹೆಸರಿರುವವರ ಸಹಿಗೆ ಮಾತ್ರ ಬೆಲೆ. ಮೇಯ್ನ್ ರಾಜ್ಯದಲ್ಲಿ ಹೊಸ ಪಕ್ಷವೊಂದಕ್ಕೆ ಮಾನ್ಯತೆ ಸಿಗಬೇಕಾದರೆ ಮತದಾರರು ಅದರ ಸದಸ್ಯರಾಗಿಯೇ ನೋಂದಾಯಿಸಿಕೊಳ್ಳಬೇಕು. 2023ರಲ್ಲಿ ‘ನೋ ಲೇಬಲ್ಸ್’ ಸಂಘಟನೆಯ ಅಭಿಯಾನದ ವೇಳೆ, ತಾವು ಬರಿಯ ಪಿಟಿಷನ್ನಿಗೆ ಸಹಿ ಹಾಕುತ್ತಿದ್ದೇವೆಂದು ಭಾವಿಸಿದ್ದ ಕೆಲವು ಮತದಾರರು ಪಕ್ಷವನ್ನೇ ಬದಲಿಸಿಕೊಂಡಿದ್ದ ದೂರುಗಳು ಬಂದು, ಚುನಾವಣೆಗಳ ಹೊಣೆ ಹೊತ್ತ ರಾಜ್ಯ ಕಾರ್ಯದರ್ಶಿ ಶೆನಾ ಬೆಲೋಸ್ ಆ ಸಂಘಟನೆಗೆ ಪತ್ರ ಬರೆದದ್ದಲ್ಲದೆ, ಹಾಗೆ ನೋಂದಾಯಿತರಾದವರಿಗೂ ಪ್ರತ್ಯೇಕವಾಗಿ ಪತ್ರ ಕಳುಹಿಸಿದರು. ಸಹಿ ಹಾಕಿದ ಮೇಲೆ ಬಂದ ಆ ಪತ್ರದ ವಿಷಯ ಸಹಿಗೆ ಮೊದಲೇ ಹಾಳೆಯ ತಲೆಯಲ್ಲಿ ಅಚ್ಚಾಗಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೆಲಸದ ಮೇಲೆ ಮನೆ ಬದಲಿಸುವ ನಮ್ಮ ಕುಟುಂಬಗಳು ಹಳೆಯ ರಾಜ್ಯದ ನಿಯಮವನ್ನೇ ಹೊಸ ರಾಜ್ಯಕ್ಕೂ ಅನ್ವಯಿಸಿಕೊಳ್ಳುವುದು ಸಹಜವಾಗಿರುವುದರಿಂದ ಈ ಕೊರತೆ ನಮಗೆ ಹೆಚ್ಚು ತಟ್ಟುತ್ತದೆ.

ವಿಳಾಸದ ಅಂಕಣ ಇನ್ನೊಂದು ತೊಡಕು. ಹಾಳೆ ಕೇಳುವುದು ಮತದಾರನು ನೋಂದಾಯಿತನಾಗಿರುವ ನಗರ ಅಥವಾ ಟೌನ್‌ಶಿಪ್ಪನ್ನು (ಇಲ್ಲಿ ಟೌನ್‌ಶಿಪ್ ಎಂದರೆ ಬಡಾವಣೆಯಲ್ಲ, ನಗರದಂತೆಯೇ ಪ್ರತ್ಯೇಕವಾದ ಸ್ಥಳೀಯ ಆಡಳಿತ ಘಟಕ). ಆದರೆ ನಮ್ಮ ನಾಲಿಗೆಗೂ ಕೈಗೂ ಅಭ್ಯಾಸವಾಗಿರುವುದು ಅಂಚೆ ವಿಳಾಸ. ನೋವೈ ನಗರದ ಕೆಲವು ಬಡಾವಣೆಗಳ ಅಂಚೆ ವಿಳಾಸ ನಾರ್ತ್‌ವಿಲ್ ಎಂದಿರುತ್ತದೆ. ನಾರ್ತ್‌ವಿಲ್ ಎಂಬ ನಗರವೂ ಇದೆ, ಅದೇ ಹೆಸರಿನ ಟೌನ್‌ಶಿಪ್ಪೂ ಇದೆ, ಸಾಲದ್ದಕ್ಕೆ ಆ ನಗರ ವೇಯ್ನ್ ಮತ್ತು ಓಕ್‌ಲೆಂಡ್ ಎಂಬ ಎರಡು ಕೌಂಟಿಗಳಲ್ಲಿ ಹರಡಿಕೊಂಡಿದೆ. ಪಿಟ್ಸ್‌ಫೀಲ್ಡ್ ಟೌನ್‌ಶಿಪ್ಪಿನಲ್ಲಿ ಮನೆಯಿರುವವರು ಎಷ್ಟೋ ವರ್ಷ ತಮ್ಮ ಊರು ಆನ್ ಆರ್ಬರ್ ಎಂದೇ ಬರೆದುಕೊಂಡು ಬಂದಿರುತ್ತಾರೆ. ಸಹಿಯ ಜೊತೆಗೆ ಹೆಸರನ್ನು ಬಿಡಿ ಅಕ್ಷರಗಳಲ್ಲಿ ಬರೆಯದಿದ್ದರೂ, ಅಂಚೆ ಸಂಖ್ಯೆ ತಪ್ಪಿದರೂ ಸಹಿ ಕೆಡುವುದಿಲ್ಲ ಎಂದು ಕಾನೂನು ಉದಾರವಾಗಿ ಹೇಳುತ್ತದೆ. ಸ್ಥಳೀಯ ವ್ಯಾಪ್ತಿ ಹಾಗೂ ದಿನಾಂಕಗಳ ವಿಷಯದಲ್ಲಿ ಮಾತ್ರ ಅಷ್ಟು ಉದಾರಿಯಲ್ಲ. ಸಹಿಯ ದಿನಾಂಕ ಇಲ್ಲದಿದ್ದರೆ, ಅಥವಾ ಸಂಗ್ರಾಹಕರು ಕೆಳಗೆ ಹಾಕಿದ ದಿನಾಂಕಕ್ಕಿಂತ ಅದು ಮುಂದಿನದಾಗಿದ್ದರೆ ಆ ಸಹಿ ಹೋಯಿತು. ಭಾರತದ ಕ್ರಮದಲ್ಲಿ ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆಯುವ ಕೈಗೆ ಮಾರ್ಚ್ 4 ಎಂಬುದು ಏಪ್ರಿಲ್ 3 ಆಗಿಬಿಡಲು ಹೆಚ್ಚು ಹೊತ್ತು ಬೇಕಿಲ್ಲ. ಅಂಕಣದ ತಲೆಯಲ್ಲಿ ತಿಂಗಳು, ದಿನ, ವರ್ಷ ಎಂದು ಅಚ್ಚಾಗಿದೆ ನಿಜ. ನಿಂತ ಕಾಲಿನಲ್ಲಿ, ಗಾಳಿಗೆ ಹಾರುವ ಹಾಳೆಯ ಮೇಲೆ ಅದನ್ನು ಗಮನಿಸುವವರು ಯಾರು?

ನಮ್ಮ ಸಮುದಾಯದ ಮಟ್ಟಿಗೆ ಇದೆಲ್ಲಕ್ಕಿಂತ ಗಂಭೀರವಾದ ವಿಷಯ ಪೌರತ್ವದ್ದು. ‘ನೋಂದಾಯಿತ ಅರ್ಹ ಮತದಾರರಾದ ನಾವು’ ಎಂಬ ಆ ಎಂಟು ಪಾಯಿಂಟಿನ ಒಕ್ಕಣೆಗೆ ಸಹಿ ಹಾಕುವವರು ತಾವು ಅಮೆರಿಕದ ಪೌರರೆಂದೇ ಹೇಳಿಕೊಂಡಂತಾಗುತ್ತದೆ. ಎಚ್-1ಬಿ ವೀಸಾದಲ್ಲಿರುವ ಇಂಜಿನಿಯರ್, ಗ್ರೀನ್ ಕಾರ್ಡ್ ಬಂದು ನಾಲ್ಕು ವರ್ಷವಾದ ವೈದ್ಯೆ, ಮೊಮ್ಮಗುವನ್ನು ನೋಡಲು ಆರು ತಿಂಗಳ ಮಟ್ಟಿಗೆ ಬಂದಿರುವ ಮೈಸೂರಿನ ತಂದೆತಾಯಿ, ಇವರ್ಯಾರೂ ಈ ಹಾಳೆಯನ್ನು ಮುಟ್ಟುವಂತಿಲ್ಲ. ಸಹಿ ಕೇಳುವವರು ಕೆಲವೊಮ್ಮೆ ಅದೇ ಕ್ಲಿಪ್‌ಬೋರ್ಡಿನಲ್ಲಿ ಮತದಾರರ ನೋಂದಣಿ ಅರ್ಜಿಯನ್ನೂ ಇಟ್ಟುಕೊಂಡಿರುವುದುಂಟು, ‘ನೋಂದಣಿ ಇಲ್ಲವೆ? ಇಲ್ಲೇ ಮಾಡಿಬಿಡೋಣ’ ಎಂಬ ಅವರ ಉತ್ಸಾಹಕ್ಕೆ ಪೌರರಲ್ಲದವರು ಒಪ್ಪಿಬಿಟ್ಟರೆ ಅದರ ಫಲ ಪಿಟಿಷನ್ನಿನ ಆಚೆಗೂ ಹೋಗುತ್ತದೆ. 1996ರ ವಲಸೆ ಕಾನೂನಿನ ಪ್ರಕಾರ ಅಮೆರಿಕದ ಪೌರನೆಂದು ಸುಳ್ಳಾಗಿ ಹೇಳಿಕೊಳ್ಳುವುದು ಗಡೀಪಾರಿಗೂ, ಮುಂದೆ ಪೌರತ್ವದ ಹಾದಿ ಮುಚ್ಚಿಹೋಗುವುದಕ್ಕೂ ಕಾರಣವಾಗಬಹುದು. ಒಮ್ಮೆ ದೇವಸ್ಥಾನದ ಪಾರ್ಕಿಂಗಿನಲ್ಲಿ ಪಂಚೆಯುಟ್ಟ ಹಿರಿಯರೊಬ್ಬರು, ಕೈಯಲ್ಲಿದ್ದ ಪ್ರಸಾದದ ದೊನ್ನೆಯನ್ನು ಕಾರಿನ ಮೇಲಿಟ್ಟು, ಜೇಬಿನಿಂದ ತಮ್ಮದೇ ಪೆನ್ನು ತೆಗೆದು ಸಹಿಗೆ ಸಿದ್ಧರಾದದ್ದನ್ನು ಕಂಡು ನಾನು ಹೋಗಿ, ‘ಯಜಮಾನರೇ, ತಾವು ಇಲ್ಲಿ ಮತದಾರರೇ?’ ಎಂದು ಕೇಳಬೇಕಾಯಿತು. ‘ಇಲ್ಲಪ್ಪ, ಮಗಳ ಮನೆಗೆ ಬಂದಿದ್ದೇನೆ. ಪಾಪ, ಹುಡುಗಿ ಬಿಸಿಲಲ್ಲಿ ನಿಂತು ಕೇಳ್ತಿದ್ದಾಳೆ’ ಎಂದರು. ಸಹಿ ಕೇಳುತ್ತಿದ್ದ ಆ ಹುಡುಗಿ ಒರಟಾಗಿ ನಡೆದುಕೊಂಡಿರಲಿಲ್ಲ, ಸುಳ್ಳನ್ನೂ ಹೇಳಿರಲಿಲ್ಲ. ಪೌರರೇ ಎಂದು ಕೇಳುವುದನ್ನಷ್ಟೇ ಬಿಟ್ಟಿದ್ದಳು. ಹಾಳೆಯ ಎಚ್ಚರಿಕೆಯ ಸಾಲಿನಲ್ಲೂ ಪೌರತ್ವದ ಪ್ರಸ್ತಾಪವಿಲ್ಲ. ವಿಪರ್ಯಾಸವೆಂದರೆ, ಕೆಳಗಿನ ಪ್ರಮಾಣದಲ್ಲಿ ಸಹಿ ಸಂಗ್ರಾಹಕರು ತಾವು ಹದಿನೆಂಟು ತುಂಬಿದ ಅಮೆರಿಕದ ಪೌರರೆಂದು ಸ್ಪಷ್ಟ ಮಾತಿನಲ್ಲಿ ದೃಢಪಡಿಸಬೇಕು.

ಆ ಪ್ರಮಾಣವನ್ನು ಪೂರ್ತಿ ಓದುವುದು ಒಳ್ಳೆಯದು, ಏಕೆಂದರೆ ಈ ಸೇವೆಯ ಉದ್ದೇಶವೇನೆಂಬುದು ಅಲ್ಲಿ ತಿಳಿಯುತ್ತದೆ. ಪ್ರತಿ ಸಹಿಯೂ ತನ್ನ ಸಮ್ಮುಖದಲ್ಲಿ ಆಯಿತು, ಯಾರೂ ಎರಡು ಬಾರಿ ಸಹಿ ಮಾಡಲು ತಾನು ಬಿಡಲಿಲ್ಲ, ತಾನು ಬಲ್ಲಂತೆ ಸಹಿಗಳು ಅಸಲಿ, ಸಹಿ ಮಾಡಿದವರು ಅರ್ಹ ಮತದಾರರು ಎಂದೆಲ್ಲ ಸಂಗ್ರಾಹಕರು ಹೇಳುತ್ತಾರೆ. ಸುಳ್ಳು ಹೇಳಿದರೆ ಅದು ಶಿಕ್ಷಾರ್ಹ ಅಪರಾಧ. ಅಭ್ಯರ್ಥಿ ಯಾರೆಂದು ಸಹಿ ಮಾಡಿದವರಿಗೆ ತಿಳಿಸಿದ್ದೇನೆ, ಹಾಳೆಯ ತಲೆಬರಹವನ್ನು ಓದಲು ಅವಕಾಶ ಕೊಟ್ಟಿದ್ದೇನೆ ಎಂಬ ಮಾತು ಎಲ್ಲೂ ಇಲ್ಲ. ಸಹಿಯ ಅಸಲಿತನವನ್ನು ಕಾಪಾಡುವುದಕ್ಕೆ ರೂಪುಗೊಂಡ ಈ ಹಾಳೆ ಸಹಿಯ ಹಿಂದಿನ ತಿಳಿವಳಿಕೆಯ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ನನ್ನ ಮುಖ್ಯ ಆಕ್ಷೇಪ ಇದೇ, ಮತ್ತು ಉಳಿದ ದೋಷಗಳೆಲ್ಲ ಇದರಿಂದಲೇ ಹುಟ್ಟಿಕೊಂಡವು.

ಬೀದಿಯಲ್ಲಿ ಇದರ ಪರಿಣಾಮ ಕಾಣುತ್ತದೆ. ಗ್ರಂಥಾಲಯವೊಂದರ ಮೆಟ್ಟಿಲ ಬಳಿ ಯುವಕನೊಬ್ಬ ‘ಶಾಲೆಗಳಿಗೆ ಹೆಚ್ಚು ಹಣ ಬೇಕಲ್ಲವೇ? ಇಲ್ಲೊಂದು ಸಹಿ’ ಎಂದು ಹಾಳೆಯನ್ನು ಮುಂದೊಡ್ಡಿದಾಗ, ಅದರ ಮೇಲ್ಭಾಗ ಇನ್ನೊಂದು ಹಾಳೆಯಡಿ ಮುಚ್ಚಿತ್ತು; ನನಗೆ ಕಾಣುತ್ತಿದ್ದದ್ದು ಸಹಿಯ ಖಾಲಿ ಸಾಲುಗಳಷ್ಟೇ. ಎತ್ತಿ ತೋರಿಸೆಂದು ಕೇಳಿದಾಗ ತೋರಿಸಿದ, ಮುಖ ಮಾತ್ರ ಸ್ವಲ್ಪ ಸಣ್ಣದಾಯಿತು. ಅಭ್ಯರ್ಥಿ ಯಾರೆಂಬುದು ಇಲ್ಲಿ ಅಪ್ರಸ್ತುತ. ಆತನ ಮೇಲೆ ನನಗೆ ಸಿಟ್ಟಿಲ್ಲ. ಗಾಳಿಯಲ್ಲಿ ಹಾಳೆ ಹಾರದಿರಲೆಂದೂ ಹಾಗೆ ಇಟ್ಟಿರಬಹುದು. ಕೂಲಿಗೆ ಸಹಿ ಸಂಗ್ರಹಿಸುವುದನ್ನು ನಿಷೇಧಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1988ರಲ್ಲಿಯೇ, ಕೊಲೊರಾಡೊದ ಮೇಯರ್-ಗ್ರಾಂಟ್ ಪ್ರಕರಣದಲ್ಲಿ, ಸರ್ವಾನುಮತದಿಂದ ತೀರ್ಪಿತ್ತಿದೆ. ಅದೇ ರಾಜ್ಯ ಸಂಗ್ರಾಹಕರು ಹೆಸರಿನ ಬಿಲ್ಲೆ ಧರಿಸಬೇಕೆಂದು ಮಾಡಿದ ನಿಯಮವೂ 1999ರಲ್ಲಿ ಬಿದ್ದುಹೋಯಿತು. ಪಿಟಿಷನ್ ಹಿಡಿದು ಮತದಾರನೊಡನೆ ಮಾತನಾಡುವುದು ರಾಜಕೀಯ ಅಭಿವ್ಯಕ್ತಿಯ ತಿರುಳಿಗೆ ಸೇರಿದ್ದು ಎಂಬ ಆ ತೀರ್ಪುಗಳ ತರ್ಕವನ್ನು ನಾನು ಒಪ್ಪುತ್ತೇನೆ. ಮಾತಿಗೆ ಕಡಿವಾಣ ಹಾಕಲಾಗದಿದ್ದಾಗ ಮುದ್ರಿತ ಹಾಳೆಯ ಹೊಣೆ ಇನ್ನೂ ಹೆಚ್ಚಬೇಕಿತ್ತು.

ತಪ್ಪು ಹೇಳಿ ಸಹಿ ಪಡೆದರೆ ನ್ಯಾಯಾಲಯ ಸರಿಪಡಿಸುತ್ತದೆ ಎಂದು ನಂಬುವವರು ಇದೇ ಮಿಷಿಗನ್ನಿನ 2006ರ ಪ್ರಕರಣವನ್ನು ನೆನೆಯಬೇಕು. ಅದು ಅಭ್ಯರ್ಥಿಯ ಪಿಟಿಷನ್ ಆಗಿರದೆ, ಸರ್ಕಾರಿ ನೇಮಕಾತಿ ಮತ್ತು ವಿಶ್ವವಿದ್ಯಾಲಯ ಪ್ರವೇಶಗಳಲ್ಲಿ ಜನಾಂಗ ಹಾಗೂ ಲಿಂಗ ಆಧರಿಸಿದ ಆದ್ಯತೆಯನ್ನು ನಿಷೇಧಿಸುವ ತಿದ್ದುಪಡಿಯ ಪಿಟಿಷನ್ ಆಗಿತ್ತು. ಅದು ಆದ್ಯತೆಯನ್ನು ಉಳಿಸುವುದಕ್ಕಾಗಿ ಎಂದು ನಂಬಿಸಿ ಸಹಿ ಪಡೆಯಲಾಗಿತ್ತೆಂದು ಹಲವರು ದೂರಿದರು. ಡೆಟ್ರಾಯಿಟಿನ ಫೆಡರಲ್ ನ್ಯಾಯಾಧೀಶ ಆರ್ಥರ್ ಟಾರ್ನೊ ವಂಚನೆ ನಡೆದದ್ದನ್ನು ಗುರುತಿಸಿದರು. ಆದರೆ ಕಪ್ಪು ಮತದಾರರನ್ನೂ ಬಿಳಿಯ ಮತದಾರರನ್ನೂ ಸಮಾನವಾಗಿ ವಂಚಿಸಲಾಗಿರುವುದರಿಂದ, ಜನಾಂಗೀಯ ತಾರತಮ್ಯವನ್ನು ತಡೆಯುವ ಮತದಾನ ಹಕ್ಕುಗಳ ಕಾಯ್ದೆಯ ಉಲ್ಲಂಘನೆಯಾಗಿಲ್ಲವೆಂದು ಹೇಳಿ, ಆ ಪ್ರಶ್ನೆ ಮತಪತ್ರಕ್ಕೆ ಹೋಗುವುದನ್ನು ತಡೆಯಲಿಲ್ಲ. ನವೆಂಬರಿನಲ್ಲಿ ತಿದ್ದುಪಡಿ ಗೆದ್ದಿತು. ಸಹಿ ಹಾಕಿದ ಮೇಲೆ ಸಿಗುವ ಪರಿಹಾರ ಎಷ್ಟು ದುರ್ಬಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂಥ ಪ್ರಸ್ತಾವಗಳ ಪಿಟಿಷನ್ನುಗಳಿಗೆ ಕ್ಯಾಲಿಫೋರ್ನಿಯಾ 2020ರಿಂದ, ಅಭಿಯಾನಕ್ಕೆ ಅತಿ ಹೆಚ್ಚು ಹಣ ಕೊಟ್ಟವರು ಯಾರೆಂಬುದನ್ನು ಸಹಿ ಹಾಕುವವರಿಗೆ ತಿಳಿಸಲೇಬೇಕೆಂಬ ನಿಯಮ ತಂದಿದೆ. ಅಭ್ಯರ್ಥಿಗಳ ಹಾಳೆಗೂ ಅಂಥದ್ದೊಂದು ಸಾಲು ಯಾಕೆ ಬೇಡ ಎಂಬುದಕ್ಕೆ ನನಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಹಾಗಾದರೆ, ಅಸಲಿತನವನ್ನು ಕಾಯುವ ಕೆಲಸವನ್ನಾದರೂ ಇದು ಚೆನ್ನಾಗಿ ಮಾಡುತ್ತದೆಯೇ? ತಡವಾಗಿ ಮಾಡುತ್ತದೆ. 2022ರಲ್ಲಿ ರಾಜ್ಯಪಾಲರ ಹುದ್ದೆಗೆ ಅರ್ಜಿ ಹಾಕಿದ ಹತ್ತು ರಿಪಬ್ಲಿಕನ್ನರ ಪೈಕಿ ಐವರು ಸಹಿಗಳ ಕಾರಣದಿಂದಲೇ ಕಣದಿಂದ ಹೊರಬಿದ್ದರು. ಅವರಲ್ಲಿ ಡೆಟ್ರಾಯಿಟಿನ ಮಾಜಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ಕ್ರೇಗ್ ಮತ್ತು ಉದ್ಯಮಿ ಪೆರಿ ಜಾನ್ಸನ್ ಮುಂಚೂಣಿಯಲ್ಲಿದ್ದವರು. ರಾಜ್ಯ ಚುನಾವಣಾ ಇಲಾಖೆಯ ಸಿಬ್ಬಂದಿ ವರದಿಯ ಪ್ರಕಾರ 36 ಮಂದಿ ಸಂಗ್ರಾಹಕರು ಹತ್ತು ಅಭ್ಯರ್ಥಿಗಳ ಪಿಟಿಷನ್ನುಗಳಲ್ಲಿ ಕನಿಷ್ಠ 68,000 ಅಸಿಂಧು ಸಹಿಗಳನ್ನು ಸಲ್ಲಿಸಿದ್ದರು. ಸಿಬ್ಬಂದಿಗೆ ಅನುಮಾನ ಬಂದ ಬಗೆ ಕುತೂಹಲಕರವಾಗಿದೆ. ಊರೆಲ್ಲ ಸುತ್ತಿ ಬಂದಿರಬೇಕಾದ ಹಾಳೆಗಳು ಮಡಿಕೆಯಿಲ್ಲದೆ, ಸವೆತವಿಲ್ಲದೆ ಅಚ್ಚುಕಟ್ಟಾಗಿದ್ದವು, ಬೇರೆ ಬೇರೆ ಹೆಸರುಗಳ ಹಿಂದೆ ಅದದೇ ಕೈಬರಹ ಇಣುಕುತ್ತಿತ್ತು. ಕೆಲವರು ಮೇಜಿನ ಸುತ್ತ ಕುಳಿತು ಹಾಳೆಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಪಟ್ಟಿಯಲ್ಲಿದ್ದ ಹೆಸರುಗಳನ್ನು ಬರೆದುಕೊಂಡು ಹೋಗಿದ್ದರ ಗುರುತು ಅದು. ಆ ಐವರಲ್ಲಿ ಒಬ್ಬರು ಮೊದಲೇ ಹಿಂದೆ ಸರಿದರು, ಎರಡೂ ಪಕ್ಷಗಳ ತಲಾ ಇಬ್ಬರಿರುವ ರಾಜ್ಯ ಪರಿಶೀಲನಾ ಮಂಡಲಿ ಎರಡೆರಡಾಗಿ ಸೀಳಿದ್ದರಿಂದ ಉಳಿದವರಿಗೆ ಮಾನ್ಯತೆ ಸಿಗಲಿಲ್ಲ. ಕ್ರೇಗ್ ಅವರ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಸಹಿಗಳಲ್ಲಿ ಸಿಂಧುವಾಗಿ ಉಳಿದವು ಹತ್ತು ಸಾವಿರಕ್ಕಿಂತ ತುಸು ಹೆಚ್ಚು. 2023ರಲ್ಲಿ ಸಂಬಂಧಪಟ್ಟ ಮೂವರ ಮೇಲೆ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. ಇದಕ್ಕೆ ಹತ್ತು ವರ್ಷ ಮುಂಚೆ, 2012ರಲ್ಲಿ, ಆಗ ಸಂಸದರಾಗಿದ್ದ ಥ್ಯಾಡ್ ಮೆಕಾಟರ್ ಸಾವಿರ ಸಹಿಗಳ ಈ ಸಣ್ಣ ಗಡಿಯನ್ನೂ ದಾಟಲಾರದೆ ಹೋದರು. ಅವರ ಸಿಬ್ಬಂದಿ ಸಲ್ಲಿಸಿದ್ದರಲ್ಲಿ ಬಹುಪಾಲು ಹಳೆಯ ಹಾಳೆಗಳ ನಕಲುಗಳಾಗಿದ್ದವು.

ಕನ್ನಡ ಓದುಗರಿಗೆ ಹೆಚ್ಚು ಹತ್ತಿರದ ಉದಾಹರಣೆ ಡೆಟ್ರಾಯಿಟಿನ 13ನೆಯ ಸಂಸತ್ ಕ್ಷೇತ್ರದ್ದು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರ ಜನವರಿಯಿಂದ ಈ ಕ್ಷೇತ್ರದ ಪ್ರತಿನಿಧಿ. 2024ರ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಅವರ ಪ್ರಬಲ ಎದುರಾಳಿಯಾಗಿದ್ದ ಆ್ಯಡಮ್ ಹಾಲಿಯರ್ ಅವರ ಸಹಿಗಳನ್ನು ಥಾಣೇದಾರ್ ಪ್ರಶ್ನಿಸಿದರು. ಚುನಾವಣೆಗಳನ್ನು ನೋಡಿಕೊಳ್ಳುವ ವೇಯ್ನ್ ಕೌಂಟಿಯ ಕ್ಲರ್ಕ್ ಕಚೇರಿ ಪರಿಶೀಲಿಸಿದಾಗ ಸಾವಿರದ ಜಾಗದಲ್ಲಿ 863 ಸಿಂಧು ಸಹಿಗಳಷ್ಟೇ ಸಿಕ್ಕು, ಹಾಲಿಯರ್ ಹೆಸರು ಮತಪತ್ರಕ್ಕೆ ಬರಲಿಲ್ಲ. ಇದರಲ್ಲಿ ಥಾಣೇದಾರ್ ಮಾಡಿದ್ದು ಕಾನೂನು ಕೊಟ್ಟ ಹಕ್ಕಿನ ಚಲಾವಣೆ. ನನ್ನ ಪ್ರಶ್ನೆ ಬೇರೆ. ಹಾಲಿಯರ್ ಅವರಿಗೆ ಅರಿತು, ಮನಸಾರೆ, ಸರಿಯಾದ ದಿನಾಂಕದೊಡನೆ ಸಹಿ ಮಾಡಿಕೊಟ್ಟ ಆ ನೂರಾರು ಮಂದಿ ತಮ್ಮ ಸಹಿ ಯಾವ ಹಾಳೆಯಲ್ಲಿ, ಯಾರ ಜೊತೆಯಲ್ಲಿ ಕುಳಿತಿದೆಯೆಂದು ತಿಳಿಯುವ ದಾರಿಯೇನಿತ್ತು? ಇದೇ ಸಂಖ್ಯೆಯ ಕ್ಷೇತ್ರದಲ್ಲಿ 2014ರಲ್ಲಿ, 1965ರಿಂದ ಸಂಸತ್ತಿನಲ್ಲಿದ್ದ ಜಾನ್ ಕಾನ್ಯರ್ಸ್ ಕೂಡ ಹೀಗೆಯೇ ಅನರ್ಹರಾಗಿದ್ದರು. ಸಂಗ್ರಾಹಕರಲ್ಲಿ ಕೆಲವರು, ಆಗಿನ ನಿಯಮ ಬಯಸುತ್ತಿದ್ದಂತೆ, ನೋಂದಾಯಿತ ಮತದಾರರಾಗಿರಲಿಲ್ಲವೆಂಬ ಕಾರಣಕ್ಕೆ ಅವರು ತಂದ ಸಹಿಗಳನ್ನೆಲ್ಲ ತಳ್ಳಿಹಾಕಲಾಗಿತ್ತು. ಆಮೇಲೆ ಫೆಡರಲ್ ನ್ಯಾಯಾಧೀಶರು ಅವರ ಹೆಸರನ್ನು ಮತಪತ್ರಕ್ಕೆ ಮರಳಿಸಿದರು. ಸಹಿ ಹಾಕಿದವರ ತಪ್ಪು ಅಲ್ಲಿ ಏನೂ ಇರಲಿಲ್ಲ.

ಪರ್ಯಾಯ ಇಲ್ಲವೆಂದಲ್ಲ. ಅರಿಜೋನಾ ರಾಜ್ಯದ ‘ಈ-ಕ್ವಾಲ್’ ಎಂಬ ಅಂತರ್ಜಾಲ ಸೇವೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಮತದಾರ ತನ್ನ ಗುರುತಿನ ವಿವರಗಳನ್ನು ಕೊಟ್ಟ ಮೇಲೆ, ಆತನ ಕ್ಷೇತ್ರಕ್ಕೂ ಪಕ್ಷಕ್ಕೂ ಅನ್ವಯಿಸುವ ಅಭ್ಯರ್ಥಿಗಳು ಕಾಣುತ್ತಾರೆ. ಮನೆಯಲ್ಲಿ ಕುಳಿತು ಸಹಿ ಮಾಡಬಹುದು. ಟೌನ್‌ಶಿಪ್ಪಿನ ಗೊಂದಲವಿಲ್ಲ, ದಿನಾಂಕದ ತಪ್ಪಿಲ್ಲ, ಹೆಗಲ ಬಳಿ ಕಾಯುವವರಿಲ್ಲ. ಪಕ್ಕದ ಕಿಟಕಿಯಲ್ಲಿ ಅಭ್ಯರ್ಥಿಯ ಹಿನ್ನೆಲೆ ತೆರೆದು ಓದಿಕೊಂಡೇ ಸಹಿ ಹಾಕುವುದಕ್ಕೆ ಅಡ್ಡಿಯಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಗುಣ. ಅದಕ್ಕೂ ಮಿತಿಗಳಿವೆ. 2022ರ ಮಾರ್ಚಿನಲ್ಲಿ, ಸಹಿ ಸಂಗ್ರಹ ಬಿರುಸಾಗಿದ್ದಾಗಲೇ, ಕ್ಷೇತ್ರ ಮರುವಿಂಗಡಣೆಯ ಕಾರಣಕ್ಕೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸುವ ವಿಷಯದಲ್ಲಿ ಆಗಿನ ರಾಜ್ಯ ಕಾರ್ಯದರ್ಶಿ ಕೇಟಿ ಹಾಬ್ಸ್ ಮತ್ತು ಅಟಾರ್ನಿ ಜನರಲ್ ಮಾರ್ಕ್ ಬ್ರನೋವಿಚ್ ನಡುವೆ ದೊಡ್ಡ ಜಟಾಪಟಿಯೇ ನಡೆಯಿತು. ಕಂಪ್ಯೂಟರ್ ಬಳಸಲಾರದವರಿಗೆ ಕಾಗದದ ಹಾಳೆ ಅಲ್ಲಿಯೂ ಉಳಿದಿದೆ. ಮಿಷಿಗನ್ ಕೂಡ ಒಮ್ಮೆ ಈ ದಾರಿಯನ್ನು ಮುಟ್ಟಿ ಬಂದಿತ್ತು: 2020ರ ಕೋವಿಡ್ ವಸಂತದಲ್ಲಿ ಫೆಡರಲ್ ನ್ಯಾಯಾಧೀಶ ಟೆರೆನ್ಸ್ ಬರ್ಗ್ ಅವರ ಆದೇಶದ ಬೆನ್ನಿಗೆ ಸಹಿಗಳ ಸಂಖ್ಯೆ ಅರ್ಧಕ್ಕಿಳಿದು, ಗಡುವು ಮೇ 8ಕ್ಕೆ ಸರಿದು, ವಿದ್ಯುನ್ಮಾನ ಸಹಿಗೂ ಅವಕಾಶವಾಯಿತು. ಆ ಋತು ಮುಗಿಯಿತು, ಕ್ಲಿಪ್‌ಬೋರ್ಡ್ ಹಿಂದಿರುಗಿತು.

ನನ್ನ ಅಂಕ ಐದಕ್ಕೆ ಎರಡು. ಒಂದು, ಪಕ್ಷಭೇದವಿಲ್ಲದೆ ಯಾವ ಮತದಾರನಾದರೂ ಸಹಿ ಹಾಕಬಹುದಾದ ಮುಕ್ತತೆಗೆ. ಇನ್ನೊಂದು, ಬಿಡಿ ಅಕ್ಷರಗಳ ಹೆಸರು, ಅಂಚೆ ಸಂಖ್ಯೆಗಳಂಥ ಸಣ್ಣ ಲೋಪಗಳನ್ನು ಮನ್ನಿಸುವ ಉದಾರತೆಗೆ. ಅಭ್ಯರ್ಥಿಯ ಹೆಸರಿಗೆ ಕನಿಷ್ಠ ಗಾತ್ರವನ್ನು ಗೊತ್ತುಪಡಿಸಿ, ‘ಇದು ಮತವಲ್ಲ, ಈ ಹುದ್ದೆಗೆ ಒಂದೇ ಸಹಿ, ಅಮೆರಿಕದ ಪೌರರಾದ ನೋಂದಾಯಿತ ಮತದಾರರು ಮಾತ್ರ’ ಎಂಬ ಮೂರು ಮಾತುಗಳನ್ನು ಎಚ್ಚರಿಕೆಯ ಪಕ್ಕದಲ್ಲಿ ಸೇರಿಸಿದರೆ ಮೂರೂವರೆ ಕೊಡಲು ನಾನು ಸಿದ್ಧ. ಅದಕ್ಕೆ ಶಾಸಕಾಂಗವೇ ಕಾನೂನು ತಿದ್ದಬೇಕು. ಮುದ್ರಣಾಲಯದವರೋ ಕ್ಲರ್ಕರೋ ತಾವಾಗಿ ಮಾಡುವಂತಿಲ್ಲ.

ಅಲ್ಲಿಯವರೆಗೆ, ಹಾಳೆ ಎದುರಾದಾಗ ಕ್ಲಿಪ್‌ಬೋರ್ಡನ್ನು ನಿಮ್ಮ ಕೈಗೇ ತೆಗೆದುಕೊಂಡು ಮೇಲಿನ ಭಾಗವನ್ನು ಪೂರ್ತಿ ಓದಿ. ಹೆಸರು, ಹುದ್ದೆ, ಪಕ್ಷ ಮೂರೂ ಭರ್ತಿಯಾಗಿರದಿದ್ದರೆ ಹಿಂದಿರುಗಿಸಿ. ನಿಮ್ಮದು ನಗರವೋ ಟೌನ್‌ಶಿಪ್ಪೋ ಎಂಬುದನ್ನು ರಾಜ್ಯದ ಮತದಾರರ ಮಾಹಿತಿ ಕೇಂದ್ರದ ಜಾಲತಾಣದಲ್ಲಿ ಹೆಸರು, ಹುಟ್ಟಿದ ತಿಂಗಳು-ವರ್ಷ ಮತ್ತು ಅಂಚೆ ಸಂಖ್ಯೆ ಕೊಟ್ಟು ಅಲ್ಲೇ ಫೋನಿನಲ್ಲಿ ನೋಡಿಕೊಳ್ಳಬಹುದು. ದಿನಾಂಕವನ್ನು ತಿಂಗಳಿನಿಂದ ಆರಂಭಿಸಿ ಬರೆಯಿರಿ. ಸಲ್ಲಿಕೆಯಾದ ಹಾಳೆಗಳು ಸಾರ್ವಜನಿಕ ದಾಖಲೆಗಳಾದ್ದರಿಂದ ನಿಮ್ಮ ಹೆಸರು, ವಿಳಾಸ ಎದುರಾಳಿ ಪಕ್ಷದ ವಕೀಲರ ಕಣ್ಣಿಗೂ ಬೀಳುತ್ತವೆಂಬುದು ನೆನಪಿರಲಿ. ಮನಸ್ಸು ಗಟ್ಟಿಯಾಗದಿದ್ದರೆ, ಅಭ್ಯರ್ಥಿಯ ಕಚೇರಿ ಎಲ್ಲಿದೆಯೆಂದು ಕೇಳಿಟ್ಟುಕೊಂಡು, ಎರಡು ದಿನ ಬಿಟ್ಟು ಅಲ್ಲಿಗೇ ಹೋಗಿ ಸಹಿ ಮಾಡಬಹುದು. ಊರಿನಿಂದ ಬಂದ ಅಪ್ಪ-ಅಮ್ಮನಿಗೆ ಈ ವಿಷಯವನ್ನು ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಹೇಳಿಬಿಡಿ.